ಡಾಲರಿನ ದರ ಕಟ್ಟುವವರು

ಉಡುಪಿ, ಕುಂದಾಪುರ, ಭಟ್ಕಳದ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ತಿಂಗಳ ಮೊದಲ ವಾರ ಬಂತೆಂದರೆ ಫೋನಿನಲ್ಲಿ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಪ್ರಶ್ನೆ, ‘ಇವತ್ತು ದಿರ್ಹಮ್‌ಗೆ ಎಷ್ಟುಂಟು?’ ಹತ್ತು ಪೈಸೆ ಏರಬಹುದೆಂದು ಎರಡು ದಿನ ಹಣ ತಡೆಹಿಡಿಯುವವರೂ ಇದ್ದಾರೆ. ಅವರು ಕಾಯುವುದು ಅಸಲಿಗೆ ಡಾಲರನ್ನು. ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಯುಎಇ 1997ರಿಂದ ಗಂಟು ಹಾಕಿಟ್ಟಿದೆ. ಡಾಲರ್ ಏರಿದರೆ ದಿರ್ಹಮ್ ಏರುತ್ತದೆ, ಅಷ್ಟೆ.

ಅರವತ್ತು ವರ್ಷಗಳ ಹಿಂದೆ ಈ ಲೆಕ್ಕ ತಿರುಗುಮುರುಗಾಗಿತ್ತು. ಕೊಲ್ಲಿಯ ಹಲವು ನಾಡುಗಳಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿಯೇ. ಆ ಹಾದಿಯಲ್ಲಿ ಚಿನ್ನದ ಕಳ್ಳಸಾಗಣೆ ಜೋರಾದಾಗ, 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ಬಣ್ಣದ, ಸಂಖ್ಯೆಯ ಮುಂದೆ ‘ಝಡ್’ ಅಕ್ಷರವಿದ್ದ ನೋಟುಗಳನ್ನು ಅಚ್ಚು ಹಾಕಿಸಿತು. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಡಾಲರಿನ ದರವನ್ನು ಒಂದೇ ಏಟಿಗೆ 4.76ರಿಂದ 7.50 ರೂಪಾಯಿಗೆ ಏರಿಸಿದಾಗ, ಆಗಲೂ ರೂಪಾಯಿಯನ್ನೇ ಬಳಸುತ್ತಿದ್ದ ನಾಡುಗಳಲ್ಲಿ ಹೆಚ್ಚಿನವು ನಮ್ಮ ನೋಟಿನ ಸಹವಾಸ ಬಿಟ್ಟು ತಮ್ಮದೇ ಹಣದ ದಾರಿ ಹಿಡಿದವು.

ಆಗ ದರ ಕಟ್ಟುತ್ತಿದ್ದದ್ದು ದೆಹಲಿ. ಅದಕ್ಕೂ ಮೊದಲು ಲಂಡನ್: 1949ರಲ್ಲಿ ಪೌಂಡು ಇಳಿದಾಗ ಅದರ ಸೆರಗು ಹಿಡಿದ ರೂಪಾಯಿಯೂ ಇಳಿದಿತ್ತು. ಡಾಲರನ್ನು ಚಿನ್ನಕ್ಕೆ ಬದಲಿಸಿಕೊಡುವುದನ್ನು 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ನಿಲ್ಲಿಸಿದ ಮೇಲೆ ಜಗತ್ತಿನ ದೊಡ್ಡ ಹಣಗಳೆಲ್ಲ ತೇಲತೊಡಗಿದವು. ನಾವು 1975ರಲ್ಲಿ ಪೌಂಡನ್ನು ಬಿಟ್ಟು ಹಲವು ಹಣಗಳ ಬುಟ್ಟಿಗೆ ರೂಪಾಯಿಯನ್ನು ಕಟ್ಟಿದೆವು. ಬ್ಯಾಂಕುಗಳು ದಿನದೊಳಗೆ ಡಾಲರ್ ಕೊಂಡು ಮಾರಿ ಲೆಕ್ಕ ಮುಗಿಸಬಹುದು ಎಂಬ ಅನುಮತಿ ಸಿಕ್ಕಿದ್ದು 1978ರಲ್ಲಿ. ಭಾರತದ ವಿದೇಶಿ ವಿನಿಮಯ ಮಾರುಕಟ್ಟೆ ಹುಟ್ಟಿದ್ದು ಆಗಲೇ ಎನ್ನಬೇಕು, ಆದರೆ ಅದು ಕೈಕಾಲು ಕಟ್ಟಿದ ಕೂಸು. ಡಾಲರ್ ಇಟ್ಟುಕೊಳ್ಳುವುದೇ ಅಪರಾಧವೆನ್ನುವ ಫೆರಾ ಕಾಯ್ದೆಯ ಕಾಲವದು.

1991ರಲ್ಲಿ ಬೊಕ್ಕಸದ ಡಾಲರ್ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಚಿನ್ನ ವಿಮಾನವೇರಿ ಹೊರದೇಶಕ್ಕೆ ಅಡವಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಜುಲೈ 1 ಮತ್ತು 3ರಂದು ಎರಡು ಹೆಜ್ಜೆಯಲ್ಲಿ ರೂಪಾಯಿಯನ್ನು ಇಳಿಸಿದ್ದೂ ನೆನಪಿದೆ. ಮರೆತುಹೋಗಿರುವುದು ಮರುವರ್ಷ ಮಾರ್ಚಿನಲ್ಲಿ ಬಂದ ಎರಡು ದರಗಳ ಏರ್ಪಾಟು. ನನ್ನ ಲೆಕ್ಕದಲ್ಲಿ ಅಪಮೌಲ್ಯಕ್ಕಿಂತ ದೊಡ್ಡ ತಿರುವು ಅದೇ.

ಚಿಕ್ಕಮಗಳೂರಿನ ಕಾಫಿ ರಫ್ತುದಾರರೊಬ್ಬರು ಆಗ ಸಾವಿರ ಡಾಲರ್ ತಂದರು ಎಂದುಕೊಳ್ಳಿ. ಅದರಲ್ಲಿ 400 ಡಾಲರನ್ನು ಸರ್ಕಾರಿ ದರಕ್ಕೆ, ಸುಮಾರು 26 ರೂಪಾಯಿಯಂತೆ, ಒಪ್ಪಿಸಲೇಬೇಕು. ಉಳಿದ 600 ಡಾಲರಿಗೆ ಮಾರುಕಟ್ಟೆಯ ದರ, ಸುಮಾರು 30. ಕೈಗೆ ಬಂದದ್ದು 28,400 ರೂಪಾಯಿ. ಅಷ್ಟನ್ನೂ ಮಾರುಕಟ್ಟೆಯಲ್ಲಿ ಮಾರಿದ್ದರೆ 30,000. ನಡುವಿನ 1,600 ರೂಪಾಯಿ ಯಾವ ರಸೀತಿಯೂ ಇಲ್ಲದ ತೆರಿಗೆ. ಕಚ್ಚಾತೈಲ, ಗೊಬ್ಬರದಂಥ ಸರಕನ್ನು ಸರ್ಕಾರ ಸೋವಿಯಾಗಿ ತರಿಸಿದ್ದು ಇದರಿಂದ. ರಫ್ತುದಾರರು ಗೊಣಗಿದ್ದು ಸಹಜವೇ. ಆದರೆ ಮಾರುಕಟ್ಟೆಗೆ ಬಿಟ್ಟರೆ ರೂಪಾಯಿ ಪಾತಾಳಕ್ಕಿಳಿಯುತ್ತದೆ ಎಂಬ ಭಯ ಆ ಒಂದು ವರ್ಷದಲ್ಲಿ ಕರಗಿತು. 1993ರ ಮಾರ್ಚಿನಲ್ಲಿ ಎರಡು ದರಗಳು ಒಂದಾದವು, ಡಾಲರ್ 31 ರೂಪಾಯಿಯ ಆಸುಪಾಸಿನಲ್ಲಿ ನಿಂತಿತು. 2000ದಲ್ಲಿ ಫೆರಾ ಹೋಗಿ ಅದಕ್ಕಿಂತ ಸಡಿಲವಾದ ಫೆಮಾ ಕಾಯ್ದೆ ಜಾರಿಗೆ ಬಂತು.

ರೂಪಾಯಿ ಇಳಿಯುವುದಷ್ಟೇ ಕಷ್ಟವೆಂದು ತಿಳಿದವರಿಗೆ 2007 ಬೇರೆ ಪಾಠ ಹೇಳಿತು. ಡಾಲರ್ 40 ರೂಪಾಯಿಗಿಂತ ಕೆಳಗಿಳಿದು, ಡಾಲರಿನಲ್ಲಿ ಬಿಲ್ ಬರೆದು ರೂಪಾಯಿಯಲ್ಲಿ ಸಂಬಳ ಕೊಡುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಲಾಭ ಸವೆಯಿತು. ಫಾರ್ವರ್ಡ್ ಮಾಡಿಸಿ ಮುಂದಿನ ದರವನ್ನು ಇಂದೇ ಭದ್ರಪಡಿಸಿಕೊಳ್ಳುವ ರೂಢಿ ಬಲವಾದದ್ದು ಇಂಥ ಪೆಟ್ಟುಗಳಿಂದ. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬರ್ನಾಂಕೆ ಬಾಂಡ್ ಖರೀದಿ ತಗ್ಗಿಸುವ ಮಾತೆತ್ತಿದ್ದೇ ತಡ, ಆಗಸ್ಟಿನ ಹೊತ್ತಿಗೆ ಡಾಲರ್ 68 ರೂಪಾಯಿ ದಾಟಿತು. ರಿಸರ್ವ್ ಬ್ಯಾಂಕು ತೈಲ ಕಂಪನಿಗಳಿಗೆ ತಾನೇ ನೇರವಾಗಿ ಡಾಲರ್ ಒದಗಿಸಿತು. ಅತಿ ದೊಡ್ಡ ಗಿರಾಕಿಯನ್ನು ಸಂತೆಯಿಂದ ಆಚೆ ಕರೆದು ಸರಕು ಕೊಟ್ಟ ಹಾಗೆ. ಅನಿವಾಸಿಗಳ ಠೇವಣಿ ಸೆಳೆಯುವ ವಿಶೇಷ ಏರ್ಪಾಟಿನಿಂದ, ಬ್ಯಾಂಕುಗಳ ಹೊರಸಾಲವೂ ಸೇರಿ, 3,400 ಕೋಟಿ ಡಾಲರ್ ಬಂತು.

ಈಗ ದರ ಕಟ್ಟುವುದು ಮುಂಬೈ ಒಂದೇ ಅಲ್ಲ. ಅಲ್ಲಿ ವಿನಿಮಯ ಮಾರುಕಟ್ಟೆ ತೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟರೊಳಗೆ ಬ್ಯಾಂಕಿನ ಡೀಲರ್ ಸಿಂಗಪುರದ ದರ ನೋಡಿಯಾಗಿರುತ್ತದೆ. ಸಿಂಗಪುರದಲ್ಲಿ ರೂಪಾಯಿ ಕೈಬದಲಾಗುವುದೇ ಇಲ್ಲ. ದರದ ವ್ಯತ್ಯಾಸವನ್ನಷ್ಟೇ ಡಾಲರಿನಲ್ಲಿ ಚುಕ್ತಾ ಮಾಡಿಕೊಳ್ಳುತ್ತಾರೆ. ನಮ್ಮ ಕಾನೂನಿನ ಕೈಗೆ ನೇರವಾಗಿ ಸಿಗದ ಈ ವಹಿವಾಟು ನಮ್ಮ ಬೆಳಗಿನ ದರವನ್ನು ಎಳೆಯುತ್ತದೆ. ಕೊನೆಗೆ 2020ರಲ್ಲಿ ನಮ್ಮ ಬ್ಯಾಂಕುಗಳಿಗೂ ಅಲ್ಲಿ ಇಳಿಯಲು ಬಿಟ್ಟರು. ಒಳಗಿನ ಸಣ್ಣವರ ಆಟಕ್ಕೆ ಮಾತ್ರ ಕಡಿವಾಣ: ನಿಜವಾದ ಡಾಲರ್ ವ್ಯವಹಾರವಿಲ್ಲದವರು ಷೇರುಪೇಟೆಯ ಕರೆನ್ಸಿ ಫ್ಯೂಚರ್ಸ್‌ಗೆ ಕೈಹಾಕಬಾರದೆಂಬ ನಿಯಮ 2024ರಲ್ಲಿ ಬಿಗಿಯಾಗಿ ವಹಿವಾಟು ನೆಲಕಚ್ಚಿತು. ಮೊಬೈಲಿನಲ್ಲಿ ‘ಫಾರೆಕ್ಸ್‌ನಿಂದ ದಿನಕ್ಕೆ ಇಷ್ಟು’ ಎಂದು ಆಸೆ ತೋರಿಸುವ ಆ್ಯಪ್‌ಗಳ ಮಾತು ಬೇರೆ. ಅವುಗಳ ಎಚ್ಚರಿಕೆಪಟ್ಟಿಯನ್ನೇ ರಿಸರ್ವ್ ಬ್ಯಾಂಕು 2022ರಿಂದ ಹೊರಡಿಸುತ್ತಿದೆ.

ಮುಂದೇನು? ‘ಸಾರ್ವಕಾಲಿಕ ಕುಸಿತ’ ಎಂಬ ಶೀರ್ಷಿಕೆ ನೋಡಿ ಗಾಬರಿಯಾಗುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಅಮೆರಿಕಕ್ಕಿಂತ ನಮ್ಮಲ್ಲಿ ಬೆಲೆ ಬೇಗ ಏರುವವರೆಗೆ ರೂಪಾಯಿ ವರ್ಷಕ್ಕಿಷ್ಟೆಂದು ಜಾರುವುದು ಲೆಕ್ಕಕ್ಕೆ ಸರಿಯೇ. ನೋಡಬೇಕಾದದ್ದು ಜಾರುವ ವೇಗವನ್ನು. 2023ರಲ್ಲಿ ರಿಸರ್ವ್ ಬ್ಯಾಂಕು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಡಾಲರ್ 83ರ ಸುತ್ತ ತಿಂಗಳುಗಟ್ಟಲೆ ಅಲುಗಲಿಲ್ಲ. ಐಎಂಎಫ್ ಇದನ್ನು ತೇಲುವ ದರವೆಂದು ಕರೆಯಲೇ ಒಪ್ಪಲಿಲ್ಲ. ಹಿಡಿತ ಸಡಿಲಿದ ಮೇಲೆ 2025ರ ಡಿಸೆಂಬರಿನಲ್ಲಿ 90 ದಾಟಿತು. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರುವ ದೇಶಕ್ಕೆ ತೈಲದ ಬೆಲೆ, ಅಮೆರಿಕದ ಬಡ್ಡಿ, ಇವೆರಡರ ಮೇಲೂ ಹತೋಟಿಯಿಲ್ಲ. ಕೈಯಲ್ಲಿರುವುದು 2024ರಲ್ಲಿ 70 ಸಾವಿರ ಕೋಟಿ ಡಾಲರ್ ಮುಟ್ಟಿದ ಮೀಸಲು, ಸಾಫ್ಟ್‌ವೇರ್ ಗಳಿಕೆ, ಮತ್ತೆ ಆ ಉಡುಪಿ, ಭಟ್ಕಳದ ಮನೆಗಳಿಗೆ ಬರುವಂಥ ಹಣ.

ರೂಪಾಯಿಯಲ್ಲೇ ವಿದೇಶಿ ವ್ಯಾಪಾರ ನಡೆಸುವ ದಾರಿ 2022ರಲ್ಲಿ ತೆರೆಯಿತು. ಮರುವರ್ಷ ಆಗಸ್ಟಿನಲ್ಲಿ ಇಂಡಿಯನ್ ಆಯಿಲ್ ಅಬುಧಾಬಿಯ ತೈಲಕ್ಕೆ ರೂಪಾಯಿಯನ್ನೇ ಎಣಿಸಿತು. 1966ರಲ್ಲಿ ಹೊರಬಿದ್ದ ಹಣ ಹಾಗೆ ಕೊಲ್ಲಿಗೆ ಮರಳಿತು, ನೋಟಾಗಿ ಅಲ್ಲ, ಬ್ಯಾಂಕಿನ ಲೆಕ್ಕದಲ್ಲಿ. ಆ ಲೆಕ್ಕಕ್ಕೆ ರೂಪಾಯಿ–ದಿರ್ಹಮ್ ದರ ಬೇಕಾದಾಗ ಡೀಲರ್ ಮೊದಲು ನೋಡುವುದು ಡಾಲರಿನ ದರ, ಅದನ್ನು 3.6725ರಿಂದ ಭಾಗಿಸುತ್ತಾನೆ.