ಬಿರುಕನ್ನು ಅಳೆಯಲು ಕಲಿತ ಬಗೆ

ಸೇತುವೆ ಕುಸಿದರೆ, ರಸ್ತೆ ಬಾಯಿಬಿಟ್ಟರೆ ನಾವು ಮೊದಲು ಆಡುವ ಮಾತು 'ಕಳಪೆ ಸಾಮಗ್ರಿ' ಎಂದು. ಎಷ್ಟೋ ಸಲ ಅದು ನಿಜವೇ. ಆದರೆ ಒಳ್ಳೆಯ ಉಕ್ಕೂ ತಾನು ತಾಳಬಲ್ಲ ಭಾರಕ್ಕಿಂತ ಕಡಿಮೆ ಭಾರಕ್ಕೇ ಮುರಿಯುವುದುಂಟು. ಏಕೆಂದು ಅರಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅರಿವಿನ ಹಿಂದೆ ಬಹಳ ಜನರ ಸಾವಿದೆ.

1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲು ಹಳಿ ತಪ್ಪಿ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮುಂದಿನ ಎಂಜಿನ್ನಿನ ಅಚ್ಚು ಮುರಿದಿತ್ತು. ಇಂಥ ಅಚ್ಚುಗಳ ರಹಸ್ಯವನ್ನು ಬಿಡಿಸಿದವನು ಪ್ರಶ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್. ಅಚ್ಚುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಮುರಿಯುವವರೆಗೂ ತಿರುಗಿಸಿ ನೋಡಿದ. ಒಮ್ಮೆ ಹೇರಿದರೆ ಏನೂ ಆಗದ ಭಾರ, ಲಕ್ಷಾಂತರ ಸಲ ಹೇರಿದಾಗ ಲೋಹವನ್ನು ದಣಿಸಿ ಮುರಿಯುತ್ತದೆ ಎಂಬುದು 1870ರ ಹೊತ್ತಿಗೆ ಖಚಿತವಾಯಿತು.

ಮುಂದಿನ ದೊಡ್ಡ ಹೆಜ್ಜೆ ಬಂದದ್ದು ಗಾಜಿನ ಎಳೆಗಳಿಂದ. 1921ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್, ವಸ್ತುವಿನ ಬಲವನ್ನು ಅದರೊಳಗಿನ ಬಿರುಕಿನ ಉದ್ದದಿಂದ ಬೇರ್ಪಡಿಸಿ ನೋಡಲಾಗದು ಎಂದು ತೋರಿಸಿದ. ಅಮೆರಿಕದ ಜಾರ್ಜ್ ಇರ್ವಿನ್ 1957ರಲ್ಲಿ ಅದನ್ನು ಲೋಹಗಳ ಲೆಕ್ಕಕ್ಕೆ ಒಗ್ಗಿಸಿದ. ಬಿರುಕು ಒಂದೊಂದು ಹೊರೆಗೆ ಎಷ್ಟೆಷ್ಟು ಬೆಳೆಯುತ್ತದೆ ಎಂಬ ಸೂತ್ರವನ್ನು 1963ರಲ್ಲಿ ಪಾಲ್ ಪ್ಯಾರಿಸ್ ಮತ್ತು ಎರ್ದೋಗಾನ್ ಕೊಟ್ಟರು.

ಆದರೂ ಸೇತುವೆಗಳಿಗೆ ಈ ತಿಳಿವು ತಲುಪಿರಲಿಲ್ಲ. ಅಮೆರಿಕದ ಓಹಾಯೋ ನದಿಯ ಮೇಲೆ 1928ರಲ್ಲಿ ಕಟ್ಟಿದ ಸಿಲ್ವರ್ ಬ್ರಿಜ್ ಉಕ್ಕಿನ ಪಟ್ಟಿಗಳ ಸರಪಳಿಯಿಂದ ತೂಗುತ್ತಿತ್ತು. ಒಂದೊಂದು ಕೊಂಡಿಗೆ ಎರಡೇ ಪಟ್ಟಿ. 1967ರ ಡಿಸೆಂಬರ್ 15ರ ಸಂಜೆ, ಕ್ರಿಸ್‌ಮಸ್‌ಗೆ ಮುಂಚಿನ ವಾಹನ ದಟ್ಟಣೆಯಲ್ಲಿ, ಒಂದು ಪಟ್ಟಿ ತುಂಡಾಯಿತು. ಜೊತೆಯ ಪಟ್ಟಿಗೆ ಹೊರೆ ತಡೆಯಲಾಗಲಿಲ್ಲ. ಇಡೀ ಸೇತುವೆ ನದಿಗೆ ಬಿತ್ತು, 46 ಜನ ಸತ್ತರು. ಮೂಲವೆಂದರೆ ಪಟ್ಟಿಯ ತೂತಿನ ಅಂಚಿನಲ್ಲಿದ್ದ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಜೋಡಣೆ ಬಿಚ್ಚದ ಹೊರತು ಅದು ಕಣ್ಣಿಗೆ ಬೀಳುವಂತಿರಲಿಲ್ಲ. ಹೆದ್ದಾರಿ ಸೇತುವೆಗಳ ತಪಾಸಣೆಗೆ ಅಲ್ಲಿ ರಾಷ್ಟ್ರೀಯ ನಿಯಮ ಬಂದದ್ದು ಈ ದುರಂತದ ನಂತರವೇ. ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ನಿಜವಾದ ತಿರುವು ಇದು: ಬಿರುಕು ಇದ್ದೇ ಇರುತ್ತದೆ ಎಂದು ಒಪ್ಪಿ, ಮುಂದಿನ ತಪಾಸಣೆಯವರೆಗೆ ಅದು ಎಷ್ಟು ಬೆಳೆದೀತು ಎಂದು ಲೆಕ್ಕ ಹಾಕುವುದು.

ಕಾಂಕ್ರೀಟಿನ ಕತೆ ಬೇರೆ. ಒತ್ತಿದರೆ ತಾಳುವ ಬಲದಲ್ಲಿ ಎಳೆದರೆ ತಾಳುವುದು ಹೆಚ್ಚುಕಡಿಮೆ ಹತ್ತನೇ ಒಂದು ಪಾಲು. ಜಲ್ಲಿಗೂ ಸಿಮೆಂಟಿಗೂ ನಡುವಿನ ಸಂದಿಯಲ್ಲಿ ಹುಟ್ಟುವ ಕೂದಲೆಳೆ ಬಿರುಕುಗಳು ಒಂದೇ ಚೂಪು ತುದಿಯಾಗಿ ಓಡದೆ, ಅಗಲವಾದ ಜಾಗದಲ್ಲಿ ಹರಡುತ್ತವೆ. ಹಾಗಾಗಿ ಗ್ರಿಫಿತ್‌ನ ಲೆಕ್ಕ ಇಲ್ಲಿ ನೇರವಾಗಿ ಕೂಡಲಿಲ್ಲ. 1976ರಲ್ಲಿ ಸ್ವೀಡನ್ನಿನ ಹಿಲರ್‌ಬೋರ್ಗ್ ಮತ್ತು ಸಂಗಡಿಗರು ಈ ಹರಡಿದ ಬಿರುಕಿಗೆ ಹೊಂದುವ ಮಾದರಿ ಕೊಟ್ಟರು. ಬೆಂಗಳೂರಿನ ವೈಟ್‌ಟಾಪಿಂಗ್ (ಕಾಂಕ್ರೀಟು ಹೊದಿಸಿದ) ರಸ್ತೆಗಳಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತಿದ್ದಂತೆ ಗರಗಸದಿಂದ ಚೌಕಚೌಕವಾಗಿ ಗೆರೆ ಕೊಯ್ಯುವುದನ್ನು ನೋಡಿರಬಹುದು. ಕಾಂಕ್ರೀಟು ಕುಗ್ಗಿ ಬಿರಿಯುವುದು ತಪ್ಪದು. ಬೇಕಾದ ಕಡೆಯೇ ಬಿರಿಯಲಿ ಎಂದು ಮಾಡಿದ ಏರ್ಪಾಡು ಅದು. ಕೊಯ್ಯುವುದು ಕೆಲವು ಗಂಟೆ ತಡವಾದರೂ ಬಿರುಕು ತನ್ನದೇ ದಾರಿ ಹಿಡಿಯುತ್ತದೆ.

ಡಾಂಬರು ರಸ್ತೆಯ ವಿಷಯದಲ್ಲಿ 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಟ್ರಕ್ಕುಗಳನ್ನು ಓಡಿಸಿ ನಡೆಸಿದ ಪರೀಕ್ಷೆಯೇ ಬಹುಕಾಲ ತಳಹದಿಯಾಯಿತು. ಅದು ತೋರಿಸಿದಂತೆ, ಅಚ್ಚಿನ ಮೇಲಿನ ಭಾರ ಎರಡುಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರುಪಟ್ಟು. ಅಂದರೆ ಅತಿಭಾರ ಹೊತ್ತ ಒಂದು ಲಾರಿ ನಿಯಮ ಪಾಲಿಸುವ ಹಲವು ಲಾರಿಗಳಷ್ಟು ರಸ್ತೆ ತಿನ್ನುತ್ತದೆ.

ಸೂತ್ರಗಳು ನಮ್ಮಲ್ಲೂ ಇವೆ; ಆದರೆ ತಪಾಸಣೆಯಿಲ್ಲದೆ ಅವು ಸಾಲವು. ಅಮೆರಿಕದಲ್ಲಿ ಹೆದ್ದಾರಿ ಸೇತುವೆಗಳ ಸ್ಥಿತಿಗತಿಯ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಊರಿನ ಸೇತುವೆಯನ್ನು ಕಡೆಯ ಸಲ ಯಾವಾಗ ತಪಾಸಣೆ ಮಾಡಿದರು, ಏನು ಕಂಡರು ಎಂಬ ವರದಿಯನ್ನೂ ನಾವು ಕೇಳಿ ಪಡೆಯಬೇಕು.