ಲೀನ್, ಅಜೈಲ್ ಅಂದ್ರೆ ಏನು? ಹಗ್ಗ ಎಳೆಯೋ ಹಕ್ಕು ಯಾರಿಗಿದೆ?

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಐಟಿ ಕಂಪನಿಯೊಂದಕ್ಕೆ ಸೇರಿದಾಗ ಮೊದಲ ದಿನವೇ ಕಿವಿಗೆ ಬಿದ್ದ ಪದ 'ಅಜೈಲ್'. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ ಅಂತ ಹೇಳಬೇಕಿತ್ತು. ಅದು ಹಾಜರಿ ಕೂಗಿದಂತೆಯೇ ಇತ್ತು. ಒಮ್ಮೆ "ಈ ಡೆಡ್‌ಲೈನಿಗೆ ಆಗಲ್ಲ ಸರ್" ಅಂದೆ. "ಆಮೇಲೆ ಮಾತಾಡೋಣ" ಅಂದರು ಮ್ಯಾನೇಜರ್. ಆ 'ಆಮೇಲೆ' ಬರಲೇ ಇಲ್ಲ.

ಈಗ ಸ್ಟಾರ್ಟಪ್‌ಗಳಷ್ಟೇ ಅಲ್ಲ, ಸರ್ಕಾರಗಳೂ ಇದೇ ಪದಗಳನ್ನು ಬಳಸುತ್ತಿವೆ. ಹಾಗಾಗಿ ಇವುಗಳ ಮೂಲ ತಿಳಿದಿರುವುದು ಒಳ್ಳೆಯದು.

ಲೀನ್

ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೊಟಾ ಕಂಪನಿಯಲ್ಲಿ ತೈಚಿ ಓನೊ ಮತ್ತಿತರರು ರೂಪಿಸಿದ ಪದ್ಧತಿ ಇದರ ಬೇರು. ಬೇಕಾದ್ದನ್ನು, ಬೇಕಾದಾಗ, ಬೇಕಾದಷ್ಟೇ ತಯಾರಿಸಬೇಕು ಅನ್ನುವುದು ಅದರ ತಿರುಳು. ಓನೊ ಏಳು ಬಗೆಯ ವ್ಯರ್ಥಗಳನ್ನು ಗುರುತಿಸಿದರು: ಅತಿ ಉತ್ಪಾದನೆ, ಕಾಯುವುದು, ಸುಮ್ಮನೆ ಸಾಗಿಸುವುದು, ಅಗತ್ಯ ಮೀರಿದ ಕೆಲಸ, ಹೆಚ್ಚುವರಿ ದಾಸ್ತಾನು, ಅನಗತ್ಯ ಓಡಾಟ ಮತ್ತು ದೋಷ. ಇದಕ್ಕೆ 'ಲೀನ್' ಎಂಬ ಹೆಸರು ಬಂದದ್ದು 1988ರಲ್ಲಿ, ಜಾನ್ ಕ್ರಾಫ್ಸಿಕ್ ಬರೆದ ಲೇಖನದಿಂದ.

ನನಗೆ ಮುಖ್ಯ ಅನ್ನಿಸುವುದು ಅಲ್ಲಿನ 'ಆಂಡಾನ್' ಹಗ್ಗ. ದೋಷ ಕಂಡ ಕಾರ್ಮಿಕ ಅದನ್ನು ಎಳೆಯಬಹುದು. ಆಗ ಮೇಲಿನವರು ಅವನಿದ್ದಲ್ಲಿಗೇ ಬರಬೇಕು. ಸಮಸ್ಯೆ ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲುತ್ತದೆ.

ಅಜೈಲ್

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ದಪ್ಪ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ಮುಖ್ಯ, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ ಅನ್ನುವುದು ಅದರ ಧಾಟಿ. ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆದು, ಬಳಸುವವರಿಗೆ ತೋರಿಸಿ, ತಪ್ಪು ತಿದ್ದಿಕೊಂಡು ಮುಂದೆ ಹೋಗಬೇಕು. 2011ರಲ್ಲಿ ಎರಿಕ್ ರೀಸ್ ತಮ್ಮ 'ದಿ ಲೀನ್ ಸ್ಟಾರ್ಟಪ್' ಪುಸ್ತಕದಲ್ಲಿ ಇಂಥದ್ದೇ ವಿಚಾರವನ್ನು ಹೊಸ ಉದ್ಯಮಗಳಿಗೆ ಅನ್ವಯಿಸಿದರು: ಸಣ್ಣದಾಗಿ ಮಾಡು, ಅಳೆದು ನೋಡು, ಕಲಿ.

ಸರ್ಕಾರದಲ್ಲಿ ಇದು ನಡೆಯುತ್ತಾ?

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕಡತಗಳನ್ನು ಗಣಕೀಕರಿಸಲು ಹೊರಟು, ಸುಮಾರು 17 ಕೋಟಿ ಡಾಲರ್ ವೆಚ್ಚದ ಯೋಜನೆಯನ್ನು 2005ರಲ್ಲಿ ಕೈಬಿಟ್ಟಿತು. 2006ರಲ್ಲಿ 'ಸೆಂಟಿನೆಲ್' ಎಂಬ ಹೊಸ ಯೋಜನೆಯನ್ನು ಲಾಕ್‌ಹೀಡ್ ಮಾರ್ಟಿನ್‌ಗೆ ವಹಿಸಿತು. ನಾಲ್ಕು ಹಂತಗಳ ಆ ಕೆಲಸ 2010ಕ್ಕೆ ಅರ್ಧಕ್ಕೇ ನಿಂತಿತ್ತು. ಆಗ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡು, ಚಿಕ್ಕ ತಂಡ ಕಟ್ಟಿ, ಎರಡು ವಾರಗಳ 'ಸ್ಪ್ರಿಂಟ್'ಗಳಲ್ಲಿ ಮುಂದುವರಿಸಿತು. 2012ರ ಜುಲೈನಲ್ಲಿ ಸೆಂಟಿನೆಲ್ ಬಳಕೆಗೆ ಬಂತು. ಆಗಲೂ ಅಂದುಕೊಂಡದ್ದಕ್ಕಿಂತ ತಡವಾಯಿತು. ಆದರೆ ಎಲ್ಲಿ ತಡವಾಗ್ತಿದೆ ಅನ್ನೋದು ವರ್ಷಗಳ ನಂತರವಲ್ಲ, ವಾರಗಳಲ್ಲೇ ಗೊತ್ತಾಗುವ ಏರ್ಪಾಡು ಇತ್ತು.

ಇನ್ನೊಂದು ಮುಖ

ಹಾಗಂತ 'ವ್ಯರ್ಥ ಕಡಿಮೆ ಮಾಡಿ' ಅನ್ನೋ ಮಾತು ಸುಲಭವಾಗಿ 'ಜನ ಕಡಿಮೆ ಮಾಡಿ, ಕೆಲಸ ಜಾಸ್ತಿ ಮಾಡಿಸಿ' ಅಂತ ಆಗಿಬಿಡಬಹುದು. ಟೊಯೊಟಾದ ನಮ್ಮ ಬಿಡದಿ ಘಟಕದಲ್ಲೇ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕೌಟ್ ಎರಡೂ ಆದವು. ಸಂಘದ ಪದಾಧಿಕಾರಿಯೊಬ್ಬರ ಅಮಾನತು ಅದಕ್ಕೆ ಕಿಡಿಯಾಗಿತ್ತು. ಕೆಲಸದ ಒತ್ತಡ ಹೆಚ್ಚಿದೆ ಎಂದು ಕಾರ್ಮಿಕರು ದೂರಿದರೆ, ಮುಷ್ಕರವೇ ಕಾನೂನುಬಾಹಿರ ಎಂದಿತು ಕಂಪನಿ. ಬಿಡಿಭಾಗದ ದೋಷ ಕಂಡಾಗ ಎಳೆಯಲು ಹಗ್ಗ ಇರುತ್ತೆ. ಕೆಲಸದ ವೇಗವೇ ತಪ್ಪು ಅನ್ನಿಸಿದಾಗ ಎಳೆಯುವ ಹಗ್ಗ ಎಲ್ಲಿದೆ? ಅದಕ್ಕೇ ಅಲ್ವಾ ಯೂನಿಯನ್ ಇರೋದು? ಬೆಂಗಳೂರಿನ ಐಟಿಯಲ್ಲಿ ಬಹುಪಾಲು ಮಂದಿಗೆ ಅದೂ ಇಲ್ಲ.

ಹಾಗಾಗಿ ಮುಂದಿನ ಸಲ ಯಾವುದಾದರೂ ಇಲಾಖೆ ಹೊಸ ಆ್ಯಪ್ ಬಿಟ್ಟು 'ಅಜೈಲ್' ಅಂದಾಗ ಮೂರು ಪ್ರಶ್ನೆ ಕೇಳಿ. ಮೊದಲ ತುಂಡನ್ನು ಯಾವ ಬಳಕೆದಾರರ ಕೈಗೆ ಕೊಟ್ಟು ನೋಡಿದಿರಿ? ಅವರು ಹೇಳಿದ ಮೇಲೆ ಏನು ಬದಲಾಯಿಸಿದಿರಿ? 'ಇದು ಆಗಲ್ಲ' ಅಂತ ಕೆಳಗಿನ ನೌಕರ ಹೇಳಿದರೆ, ಅವನ ಕೆಲಸ ಉಳಿಯುತ್ತಾ?

ಮೂರನೆಯದಕ್ಕೆ 'ಆಮೇಲೆ ಮಾತಾಡೋಣ' ಅಂದರೆ, ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.