ಕಿಣ್ವದ ಹಳೇ ಹೆಸರು

ಇವತ್ತಿನ ಕಥೆ ಒಂದು ಮಾತ್ರೆಯದು. ಕ್ಷಯಕ್ಕೆ ಅಂತ ಬಂದು ಮನಸ್ಸಿನ ಮದ್ದಾದ ಇಪ್ರೋನಿಯಾಜಿಡ್. ಟಿ.ಬಿ.ಗೆ ನಮ್ಮಲ್ಲಿ ಇವತ್ತಿಗೂ ಕೊಡುವ ಐಸೋನಿಯಾಜಿಡ್ ಇದೆಯಲ್ಲ, ಅದರ ದಾಯಾದಿ ಅನ್ನಿ.

1952. ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆ. ಹಾಸಿಗೆ ಹಿಡಿದಿದ್ದ ಕ್ಷಯರೋಗಿಗಳು ಈ ಮಾತ್ರೆ ತಗೊಂಡು ಎದ್ದು ಕುಣಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಾಯಿಲೆ ಇಳಿದ ಖುಷಿ ಅಂದುಕೊಳ್ಳಬಹುದಿತ್ತು. ಅದೇ ವರ್ಷ ಷಿಕಾಗೋದಲ್ಲಿ ಅರ್ನ್ಸ್ಟ್ ಝೆಲ್ಲರ್ ತಂಡ ಬೇರೊಂದನ್ನು ಕಂಡಿತು: ಈ ಔಷಧ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ.

ಮಿದುಳಿನಲ್ಲಿ ಈ ಕಿಣ್ವದ್ದು ಕಸ ಗುಡಿಸುವ ಕೆಲಸ. ನರಕೋಶಗಳು ಸಂದೇಶಕ್ಕೆ ಬಳಸುವ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆದುಹಾಕುತ್ತೆ. ಅದು ನಿಂತರೆ ಅವು ಉಳಿಯುತ್ತವೆ. ಇಪ್ರೋನಿಯಾಜಿಡ್ ಕಿಣ್ವಕ್ಕೆ ಅಂಟಿದರೆ ಬಿಡೋದೂ ಇಲ್ಲ. ಮಾತ್ರೆ ನಿಲ್ಲಿಸಿದರೂ ದೇಹ ಹೊಸ ಕಿಣ್ವ ತಯಾರಿಸುವ ತನಕ ಕಾಯಬೇಕು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಖಿನ್ನತೆಗೆ ಇದರಿಂದ ಗುಣ ಕಂಡಿದ್ದನ್ನು ವರದಿ ಮಾಡಿದರು. ಆಮೇಲೆ ಕಾಮಾಲೆಯ ದೂರುಗಳು ಬಂದು, 1961ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಆದರೆ ಇದೇ ಗುಂಪಿನ ಬೇರೆ ಮಾತ್ರೆಗಳು ಚಲಾವಣೆಯಲ್ಲೇ ಇದ್ದವು.

ಅವನ್ನು ತಗೊಂಡವರಲ್ಲಿ ಕೆಲವರಿಗೆ ತಲೆ ಸಿಡಿಯುವ ನೋವು, ಬಿ.ಪಿ. ಗಗನಕ್ಕೆ. ಮಿದುಳಿನಲ್ಲಿ ರಕ್ತಸ್ರಾವವಾಗಿ ಸತ್ತವರೂ ಇದ್ದರು. ಇಂಗ್ಲೆಂಡಿನ ಒಬ್ಬ ಔಷಧ ವ್ಯಾಪಾರಿ, ತನ್ನ ಹೆಂಡತಿಗೆ ಚೀಸ್ ತಿಂದಾಗಲೇ ಹೀಗಾಗುತ್ತೆ ಅಂತ ಪತ್ರ ಬರೆದ. ಚೀಸ್‌ಗೂ ತಲೆನೋವಿಗೂ ಎತ್ತಣ ನಂಟು ಅನ್ನಿಸೋದು ಸಹಜ. ಲಂಡನ್ನಿನ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಬೆನ್ನುಹತ್ತಿ, 1963ರಲ್ಲಿ ನಂಟನ್ನು ಪ್ರಕಟಿಸಿದರು. ಮಾಗಿಸಿದ ಚೀಸ್‌ನಲ್ಲಿ ಟೈರಮಿನ್ ಇರುತ್ತೆ. ಮಾಮೂಲಿಯಾಗಿ ಕರುಳು, ಯಕೃತ್ತಿನಲ್ಲಿರುವ ಇದೇ ಕಿಣ್ವ ಅದನ್ನು ದಾರಿಯಲ್ಲೇ ಒಡೆಯುತ್ತೆ. ಕಿಣ್ವ ಕಟ್ಟಿಹಾಕಿದ್ದರೆ ಟೈರಮಿನ್ ರಕ್ತಕ್ಕೆ ಸೇರಿ, ನರಗಳಿಂದ ನಾರ್‌ಅಡ್ರಿನಲಿನ್ ಹೊರಡಿಸುತ್ತೆ. ಬಿ.ಪಿ. ಏರೋದು ಅದಕ್ಕೇ. (ನಮ್ಮ ಪನೀರ್ ತಾಜಾ ಇದ್ದರೆ ಅದರಲ್ಲಿ ಟೈರಮಿನ್ ಕಡಿಮೆ.)

ನನ್ನನ್ನು ಕಾಡೋದು ಇದು. ಈ ಕಿಣ್ವವನ್ನು ಮೊದಲು ಕಂಡವರು ಮೇರಿ ಹೇರ್, 1928ರಲ್ಲಿ, ಕೇಂಬ್ರಿಜ್‌ನಲ್ಲಿ. ಕಂಡದ್ದು ಯಕೃತ್ತಿನಲ್ಲಿ. ಇಟ್ಟ ಹೆಸರು ಟೈರಮಿನ್ ಆಕ್ಸಿಡೇಸ್! ಬೇರೆ ಅಮೈನ್‌ಗಳನ್ನೂ ಒಡೆಯುತ್ತೆ ಅಂತ ಗೊತ್ತಾದ ಮೇಲೆ ಹೆಸರು ಬದಲಾಯಿತು. ಮನೋವೈದ್ಯರ ಕೈಗೆ ಬರುವಾಗ ಎಲ್ಲರ ಕಣ್ಣೂ ಮಿದುಳಿನ ಮೇಲೆ; ಯಕೃತ್ತನ್ನು ಯಾರು ನೆನೆಸ್ಕೋತಾರೆ?

1964ರಲ್ಲಿ ಈ ಗುಂಪಿನ ಟ್ರಾನಿಲ್‌ಸಿಪ್ರೊಮಿನ್ ಅಮೆರಿಕದಲ್ಲಿ ಮಾರಾಟದಿಂದ ಹಿಂದೆ ಸರಿದು, ಅದೇ ವರ್ಷ ವಾಪಸ್ ಬಂತು. ಈ ಸಲ ಎಚ್ಚರಿಕೆಗಳೂ ಜೊತೆಗಿದ್ದವು.